ಕಣಜದ ಒಡೆತನ: ಲೂಕನ ಎರಡು ಸಾಮ್ಯಗಳಲ್ಲಿ ಸಂಪತ್ತಿನ ವಿಚಾರ

ಯೇಸುವಿನ ಸಾಮ್ಯಗಳು ಐಶ್ವರ್ಯವನ್ನೇ ಪಾಪವೆಂದು ತಳ್ಳಿಹಾಕುತ್ತವೆ ಎಂಬ ಓದು ಹಳೆಯದು. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬರುವ ಬುದ್ಧಿಗೇಡಿ ಐಶ್ವರ್ಯವಂತನ ಸಾಮ್ಯ ಆ ಓದಿಗೆ ಒಗ್ಗುವುದಿಲ್ಲ. ಅವನು ಯಾರನ್ನೂ ವಂಚಿಸಿದನೆಂದು ಲೂಕ ಹೇಳುವುದಿಲ್ಲ, ಯಾರ ಕೂಲಿಯನ್ನೂ ಹಿಡಿದುಕೊಂಡನೆನ್ನುವುದಿಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ಬೆಲೆ ಏರಲೆಂದು ಧಾನ್ಯ ತಡೆಹಿಡಿದ ವರ್ತಕನಾಗಿ ಅವನನ್ನು ಕಾಣುವ ವ್ಯಾಖ್ಯಾನಕಾರರಿದ್ದಾರೆ. ಪಠ್ಯದಲ್ಲಿ ಅದಕ್ಕೆ ಆಧಾರವಿಲ್ಲ.

ತಪ್ಪಿರುವುದು ಅವನ ಸ್ವಗತದಲ್ಲಿ. ಏನು ಮಾಡಲಿ ಎಂದು ಅವನು ಕೇಳಿಕೊಳ್ಳುವುದು ತನ್ನನ್ನೇ, ಉತ್ತರಿಸುವವನೂ ತಾನೇ. ಇದ್ದ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟುವ ಆ ಯೋಜನೆಯಲ್ಲಿ ಹೆಂಡತಿ ಮಕ್ಕಳಿಲ್ಲ, ಆಳುಗಳಿಲ್ಲ, ನೆರೆಯವರಿಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ತೋಮನ ಸುವಾರ್ತೆಯಲ್ಲೂ (63ನೆಯ ವಚನ) ಇದೇ ಕಥೆಯ ಚಿಕ್ಕ ರೂಪವಿದೆ. ಅಲ್ಲಿ ಧನಿಕ ಹಣ ಹೂಡಿ, ಬಿತ್ತಿ, ಕೊಯ್ದು, ಉಗ್ರಾಣ ತುಂಬಿಸಬೇಕೆಂದುಕೊಳ್ಳುತ್ತಾನೆ. ಆ ರಾತ್ರಿಯೇ ಸಾಯುತ್ತಾನೆ. ಅದು ಬಾಳಿನ ಅನಿಶ್ಚಯತೆಯ ಕಥೆ. ಲೂಕನಲ್ಲಿ ದೇವರೇ ಮಾತಾಡಿ, ಕೂಡಿಟ್ಟದ್ದು ಯಾರ ಪಾಲಾಗುವುದೆಂದು ಕೇಳುತ್ತಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡಿಸೆಂದು ಒಬ್ಬಾತ ಬೇಡಿದಾಗ ಹೇಳಿದ ಸಾಮ್ಯವಿದು ಎಂಬುದನ್ನು ನೆನೆದರೆ ಆ ಪ್ರಶ್ನೆಯ ಮೊನೆ ತಿಳಿಯುತ್ತದೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಶ್ರೀಮಂತ ಬಿಡಬೇಕಾದದ್ದು ಆಸ್ತಿಯನ್ನಲ್ಲ, ಆಸ್ತಿಯ ಮೋಹವನ್ನು ಎಂದು ವಾದಿಸಿದ. ಸೂಕ್ಷ್ಮವಾದ ವಾದ, ನಿಜ. ಆದರೆ ಲೂಕನ 16ನೆಯ ಅಧ್ಯಾಯದ ಸಾಮ್ಯದಲ್ಲಿ ಬರುವ ಲಾಜರನ ಮುಂದೆ ಅದು ಸಾಲದು. ಯೇಸುವಿನ ಸಾಮ್ಯಗಳಲ್ಲಿ ಹೆಸರು ಪಡೆದ ದರಿದ್ರ ಅವನೊಬ್ಬನೇ. ಧನಿಕನೊಬ್ಬನ ಬಾಗಿಲಲ್ಲಿ ಹುಣ್ಣು ತುಂಬಿಕೊಂಡು ಬಿದ್ದಿದ್ದಾನೆ. ಒಳಗಿನ ಧನಿಕ ನಿರ್ಮೋಹಿಯಾದ ಮಾತ್ರಕ್ಕೆ ಹೊರಗಿನವನ ಹಸಿವು ಹಿಂಗದು.

ಇದಕ್ಕೆ ಎದುರಾಗಿ, ಒಡೆಯ ಕೊಟ್ಟ ಹಣವನ್ನು ಬೆಳೆಸಿದ ಆಳುಗಳನ್ನು ಮೆಚ್ಚುವ ತಲಾಂತುಗಳ ಸಾಮ್ಯವನ್ನು ಬಂಡವಾಳಕ್ಕೆ ಸಿಕ್ಕ ಆಶೀರ್ವಾದವೆಂದು ಓದುವವರು ಮತ್ತಾಯನ 25ನೆಯ ಅಧ್ಯಾಯವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಅದರ ಬೆನ್ನಿಗೇ ಬರುವ ನ್ಯಾಯತೀರ್ಪಿನಲ್ಲಿ ಲೆಕ್ಕ ಕೇಳುವುದು ಹಸಿದವರಿಗೆ ಉಣಬಡಿಸಿದ್ದರ ಕುರಿತು.

ಈ ಸಾಮ್ಯಗಳನ್ನು ಬದುಕಿನ ನಡುವೆ ನಿಲ್ಲಿಸಿ ಓದಿದವರಲ್ಲಿ ಕೈಸರೈಯದ ಬಾಸಿಲ್ ಮುಖ್ಯ. ಸುಮಾರು 369ರಲ್ಲಿ ಕಪ್ಪದೋಕ್ಯದಲ್ಲಿ ಭೀಕರ ಕ್ಷಾಮ ತಲೆದೋರಿದ್ದ ಆ ಕಾಲಕ್ಕೇ, ಕಣಜ ಕೆಡವಿ ಕಟ್ಟುವ ಇದೇ ಧನಿಕನ ಕುರಿತ ಅವನ ಉಪದೇಶವನ್ನು ಸಾಮಾನ್ಯವಾಗಿ ಸೇರಿಸುತ್ತಾರೆ. ಮಿಕ್ಕ ಧಾನ್ಯ ಇಲ್ಲದವರ ಸ್ವತ್ತು, ಅದನ್ನು ಬಚ್ಚಿಟ್ಟವನು ಕಳ್ಳನೇ ಎಂಬುದು ಅವನ ನಿಲುವು. ದಾನ ಇಲ್ಲಿ ಔದಾರ್ಯವಾಗಿ ಉಳಿಯದೆ ಋಣ ತೀರಿಸುವ ಕೆಲಸವಾಗುತ್ತದೆ. ಮುಂದೆ ಕೈಸರೈಯದ ಹೊರವಲಯದಲ್ಲಿ ಬಡವರಿಗೂ ರೋಗಿಗಳಿಗೂ ಅವನು ಕಟ್ಟಿಸಿದ ಆಶ್ರಯಧಾಮ ಈ ಓದಿನಿಂದಲೇ ಹುಟ್ಟಿತೆಂದು ನಾನು ಭಾವಿಸುತ್ತೇನೆ.