ಬೆಂಕಿ ಕಾಯೋ ಪೆಟ್ಟಿಗಿ ಕಥಿ

ಶೇಗಡಿ ಮ್ಯಾಲೆ ಅಡಗಿ ಮಾಡಿದವರಿಗೆ ಇವತ್ತಿನ ವಿಷಯ ಅರ್ಧ ಗೊತ್ತಿದ್ದದ್ದ ಅದ. ಕೆಳಗಿನ ಬಾಯಿಗೆ ಬೀಸಣಿಕಿ ಹಿಡದು ನಾಲ್ಕು ಸಲ ಬೀಸಿದ್ರ ಇದ್ದಲಿ ಕೆಂಪಗಾಗ್ತದ. ಅದ ಬಾಯಿಗೆ ಒಂದು ತಗಡು ಅಡ್ಡ ಇಟ್ರ ಉರಿ ಮಂದ ಆಗ್ತದ. ಇದ್ದಲಿ ಎಷ್ಟ ಹಾಕಿರಿ ಅನ್ನೋದಕ್ಕಿಂತ ಗಾಳಿ ಎಷ್ಟ ಬಿಟ್ರಿ ಅನ್ನೋದ ಮುಖ್ಯ. ಅಮೆರಿಕಾದಾಗ ಮಂದಿ ಹಿತ್ತಲದಾಗ ಇಟ್ಟುಕೊಂಡಿರೋ ಹೊಗಿ ಒಲಿ, ಅವರು ‘ಸ್ಮೋಕರ್’ ಅಂತಾರಲ್ಲ, ಅದಕ್ಕೂ ಇದ ನಿಯಮ. ಮುಚ್ಚಿದ ಪೆಟ್ಟಿಗಿ, ಕೆಳಗ ಕಟಗಿ ಇಲ್ಲಾ ಇದ್ದಲಿ, ಮ್ಯಾಲೆ ಮಾಂಸ. ಒಳಗಿನ ಶಾಖ ಸುಮಾರು 107 ಡಿಗ್ರಿ ಸೆಲ್ಸಿಯಸ್, ಅಂದ್ರ ಅವರ ಲೆಕ್ಕದಾಗ 225 ಡಿಗ್ರಿ ಫ್ಯಾರನ್‌ಹೀಟ್. ನೀರು ಕುದಿಯೋ ಶಾಖಕ್ಕಿಂತ ಚೂರು ಹೆಚ್ಚು, ಅಷ್ಟ. ಆ ಶಾಖದಾಗ ದನದ ಎದಿಮಾಂಸದ ದೊಡ್ಡ ತುಂಡು ಬೇಯಲಿಕ್ಕೆ 12 ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಗಟ್ಟಿ ನಾರು ನಿಧಾನಕ್ಕ ಕರಗಿ ಮೆತ್ತಗಾಗಬೇಕಲ್ಲ, ಅದಕ್ಕ. ಅವಸರ ಮಾಡಿದ್ರ ಚರ್ಮದ ಚಪ್ಪಲಿ ಆಗ್ತದ.

ಹಂಗಾದ್ರ ಆ 12 ತಾಸು ಬೆಂಕಿ ಕಾಯೋರು ಯಾರು? ನನಗ ಈ ಕಥಿಯೊಳಗ ಮನಸ್ಸಿಗೆ ನಾಟಿದ್ದು ಇದ ಪ್ರಶ್ನೆ.

‘ಬಾರ್ಬೆಕ್ಯೂ’ ಅನ್ನೋ ಶಬ್ದನ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು. ಕಟಗಿಯ ಅಟ್ಟ ಕಟ್ಟಿ ಕೆಳಗ ಬೆಂಕಿ ಹಾಕೋ ಪದ್ಧತಿಯಿಂದ ಬಂದದ್ದು, ಸ್ಪೇನ್‌ನವರ ಬಾಯಾಗ ‘ಬಾರ್ಬಕೋವಾ’ ಆತು. ಮುಂದ ಅಮೆರಿಕಾದ ದಕ್ಷಿಣ ರಾಜ್ಯಗಳೊಳಗ ದೊಡ್ಡ ದೊಡ್ಡ ಊಟ ಆಗ್ತಿದ್ವು. ಚುನಾವಣಿ ಸಭೆಗೆ, ಜುಲೈ ನಾಲ್ಕರ ಹಬ್ಬಕ್ಕ. ನೆಲದಾಗ ಉದ್ದಕ ಗುಂಡಿ ತೋಡೋದು, ಗಟ್ಟಿ ಕಟಗಿ ಸುಟ್ಟು ಕೆಂಡ ಮಾಡೋದು, ಅಡ್ಡ ಹಸಿ ಕೋಲು ಹಾಸಿ ಅದರ ಮ್ಯಾಲೆ ಇಡೀ ಹಂದಿ, ಕುರಿ ಇಡೋದು. ರಾತ್ರಿಯಿಡೀ ಸಲಿಕಿಲೆ ಕೆಂಡ ಹರವೋದು, ಮಸಾಲಿ ನೀರು ಸವರೋದು. ಈ ಕೆಲಸ ಮಾಡಿದವರು ಹೆಚ್ಚಾಗಿ ಗುಲಾಮರಾಗಿದ್ದ ಕರಿಯ ಜನ. 1930ರ ದಶಕದಾಗ ಅಮೆರಿಕಾ ಸರಕಾರ ಗುಲಾಮಗಿರಿ ಕಂಡ ಮುದುಕರ ಬಾಯಿಂದ ಅವರ ನೆನಪು ಬರಸಿಕೊಂಡಿತ್ತು. ಅದರಾಗ ಸೌತ್ ಕ್ಯಾರೊಲಿನಾದ ವೆಸ್ಲಿ ಜೋನ್ಸ್ ಅಂತ ಒಬ್ಬ ಅಜ್ಜ, ಊಟದ ಹಿಂದಿನ ರಾತ್ರಿಯೆಲ್ಲಾ ತಾನು ಎದ್ದು ಕೂತು ಮಾಂಸ ಬೇಯಿಸಿ ಮಸಾಲಿ ಸವರತಿದ್ದೆ ಅಂತ ಹೇಳ್ಯಾನ. ಮರುದಿನ ಬಂದು ಉಂಡವರ ಹೆಸರು ಪೇಪರ್‌ದಾಗ ಬಂದಿರಬಹುದು. ರಾತ್ರಿ ಕೂತವನ ಹೆಸರು ಉಳಿದದ್ದು ಯಾರೋ ಪುಣ್ಯಾತ್ಮರು ಹೋಗಿ ಕೇಳಿ ಬರಕೊಂಡಿದ್ದಕ್ಕ.

ಈಗ ಇನ್ನೊಂದು ದಾರಿ ಹಿಡಿಯೋಣು. ಮನಷ್ಯಾ ಕೂಡದನ ಬೆಂಕಿ ತನ್ನಷ್ಟಕ್ಕ ತಾನ ಹದದಾಗ ಇರೋದು ಹೆಂಗ? ಇದನ್ನ ಮೊದಲು ಸಾಧಿಸಿದವರೊಳಗ ಕಾರ್ನೆಲಿಸ್ ಡ್ರೆಬೆಲ್ ಅನ್ನಾಂವ ಒಬ್ಬ. ಹಾಲೆಂಡ್‌ನವ, 1572ರಾಗ ಹುಟ್ಟಿ ಇಂಗ್ಲೆಂಡ್‌ನಾಗ ಬಾಳಿ 1633ರಾಗ ತೀರಿಕೊಂಡಾವ. ಅವಗ ಬೇಕಾಗಿದ್ದು ಮಾಂಸ ಅಲ್ಲ, ಕೋಳಿ ಮರಿ! ಕಾವು ಕೂಡೋ ಕೋಳಿ ಇಲ್ಲದನ ತತ್ತಿ ಮರಿ ಆಗೋ ಪೆಟ್ಟಿಗಿ ಮಾಡಿದ. ಒಂದು ಗಾಜಿನ ಬುಡ್ಡಿಯೊಳಗ ಮದ್ಯಸಾರ, ಅದಕ್ಕ ಹೊಂದಿ ಪಾದರಸ. ಶಾಖ ಏರಿದ್ರ ಮದ್ಯಸಾರ ಹಿಗ್ಗಿ ಪಾದರಸ ದೂಡ್ತದ, ಪಾದರಸ ಒಂದು ಸರಳು ಎತ್ತತದ, ಸರಳು ಹೋಗಿ ಒಲಿಯ ಗಾಳಿಬಾಯಿ ಮುಚ್ಚತದ. ಆರಿದ್ರ ಮತ್ತ ತೆರೀತದ. ಶೇಗಡಿ ಬಾಯಿಗೆ ತಗಡು ಇಡೋ ಕೈ ಇದು, ಗಾಜು ಪಾದರಸದಾಗ ಮಾಡಿದ್ದು.

ಅದಾದ ಮ್ಯಾಲೆ 1830ರಾಗ ಆಂಡ್ರ್ಯೂ ಯೂರ್ ಅನ್ನೋ ಸ್ಕಾಟ್ಲೆಂಡ್‌ನ ರಸಾಯನ ಪಂಡಿತ ಎರಡು ಥರದ ಲೋಹದ ಪಟ್ಟಿ ಜೋಡಿಸಿ, ಶಾಖಕ್ಕ ಬಾಗೋ ಉಪಕರಣಕ್ಕ ಪೇಟೆಂಟ್ ತಗೊಂಡ. ‘ಥರ್ಮೋಸ್ಟಾಟ್’ ಅಂತ ಹೆಸರಿಟ್ಟವನೂ ಅವನ. ನಮ್ಮ ಇಸ್ತ್ರಿ ಪೆಟ್ಟಿಗಿಯೊಳಗ ಟಕ್ ಅಂತ ಸಪ್ಪಳ ಬರ್ತದಲ್ಲ, ಅದು ಆ ಪಟ್ಟಿಯ ಸಂತಾನ.

ನನಗ ಪ್ರೀತಿ ಹುಟ್ಟಿಸಿದಾವ ಆಲ್ಬರ್ಟ್ ಬುಟ್ಜ್. ಸ್ವಿಟ್ಜರ್‌ಲ್ಯಾಂಡ್‌ನಿಂದ ಬಂದು ಅಮೆರಿಕಾದ ಮಿನಿಯಾಪೊಲಿಸ್‌ನಾಗ ನೆಲಸಿದಾವ. ಅಲ್ಲೆ ಚಳಿ ಅಂದ್ರ ಅಂಥಿಂಥಾ ಚಳಿ ಅಲ್ಲ. ಮನಿಮನಿ ನೆಲಮಾಳಿಗಿಯೊಳಗ ಕಲ್ಲಿದ್ದಲಿನ ಒಲಿ. ಹೊತ್ತಿಗೊಮ್ಮೆ ಕೆಳಗಿಳದು ಗಾಳಿಬಾಯಿ ತಗೀಬೇಕು, ಮುಚ್ಚಬೇಕು. ಬೆಳಿಗ್ಗೆ ಮೊದಲು ಎದ್ದು ತಣ್ಣಗಿನ ಮೆಟ್ಟಿಲಾ ಇಳಿಯೋರು ಯಾರು ಅಂತ ನಾ ಬ್ಯಾರೆ ಹೇಳಬೇಕೇನು. ಬುಟ್ಜ್ 1885ರಾಗ ಒಂದು ಯಂತ್ರ ಮಾಡಿ ಮರುವರ್ಷ ಪೇಟೆಂಟ್ ತಗೊಂಡ. ಮ್ಯಾಲಿನ ಖೋಲಿ ತಣ್ಣಗಾದ್ರ ಗ್ವಾಡಿ ಮ್ಯಾಲಿನ ಥರ್ಮೋಸ್ಟಾಟ್ ವಿದ್ಯುತ್ತಿನ ತಂತಿ ಕೂಡಿಸ್ತದ, ಕೆಳಗ ಒಂದು ಕೀಲಿ ಬಿಚ್ಚಿ ಗಾಲಿ ಅರ್ಧ ಸುತ್ತು ತಿರಗತದ, ಸರಪಳಿ ಒಲಿಯ ಗಾಳಿಬಾಯಿ ಎತ್ತತದ. ಖೋಲಿ ಬೆಚ್ಚಗಾದ್ರ ಮತ್ತ ಬೀಳತದ. ಅದಕ್ಕ ‘ಡ್ಯಾಂಪರ್ ಫ್ಲಾಪರ್’ ಅಂತ ಹೆಸರು. ಹಾರಾಡೋ ಮುಚ್ಚಳ ಅನ್ರಿ ಬೇಕಾದ್ರ. ಬುಟ್ಜ್ ಅದರ ಸಲುವಾಗಿ ಕಟ್ಟಿದ ಕಂಪನಿ ಕೈ ದಾಟಿ ಕೈ ದಾಟಿ, ಮುಂದ ಹನಿವೆಲ್ ಅಂತ ಜಗತ್ತಿಗೆ ಗೊತ್ತಾತು. ಅವನ ಹೆಸರು ಅದರ ಮ್ಯಾಲೆ ಉಳೀಲಿಲ್ಲ.

ಆದ್ರ ಇವೆಲ್ಲಾ ‘ಹಚ್ಚು, ಆರಿಸು’ ಅನ್ನೋ ಜಾತಿಯವು. ತಣ್ಣಗಾತು, ಪೂರ್ತಿ ತಗಿ. ಬಿಸಿ ಆತು, ಪೂರ್ತಿ ಮುಚ್ಚು. ಬೆಂಕಿಯ ಸ್ವಭಾವ ಹಂಗಿಲ್ಲ. ಮುಚ್ಚಿದ ಮ್ಯಾಲೂ ಕೆಂಡ ಶಾಖ ಕೊಡ್ತನ ಇರತದ, ಹದ ದಾಟಿ ಹೋಗಿಬಿಡತದ. ಇದಕ್ಕ ಪರಿಹಾರ ಬಂದದ್ದು ಒಲಿ ಮುಂದಿಂದಲ್ಲ, ಸಮುದ್ರದ ಮ್ಯಾಲಿಂದ.

1922ರಾಗ ನಿಕೊಲಸ್ ಮಿನೊರ್‌ಸ್ಕಿ ಅನ್ನೋ ರಷ್ಯಾ ಮೂಲದ ಎಂಜಿನಿಯರ್ ಹಡಗು ತಾನ ದಿಕ್ಕು ಹಿಡದು ಹೋಗೋದರ ಬಗ್ಗೆ ಒಂದು ಲೇಖನ ಬರದ. ಅನುಭವಸ್ಥ ಚುಕ್ಕಾಣಿಗಾರ ಹೆಂಗ ನಡಸತಾನ ಅಂತ ವಿಚಾರ ಮಾಡಿ ಅದನ್ನ ಲೆಕ್ಕಕ್ಕ ಇಳಿಸಿದ. ಈಗ ಅದನ್ನ ಮೂರು ಇಂಗ್ಲಿಷ್ ಅಕ್ಷರದಾಗ ‘ಪಿಐಡಿ’ ಅಂತಾರ. ಹೆಸರಿಗೆ ಅಂಜಬ್ಯಾಡ್ರಿ ವೈನೀ, ನೀವು ದಿನಾ ಮಾಡೂದ ಅದು. ಹಾಲು ಕಾಸೋವಾಗ ನೀವು ಮೂರು ಮಾತು ಲಕ್ಷ್ಯದಾಗ ಇಟ್ಟಿರತೀರಿ. ಹಾಲು ಕುದಿಗೆ ಎಷ್ಟು ದೂರ ಅದ, ಅದು ಒಂದು. ಎಷ್ಟೊತ್ತಿನಿಂದ ಇಟ್ರೂ ಇನ್ನೂ ಬಿಸಿ ಆಗವಲ್ದು ಅಂದ್ರ ಉರಿ ಒಂದು ಚೂರು ಏರಸತೀರಿ, ಅದು ಎರಡು. ಮೂರನೇದು, ಎಷ್ಟು ವ್ಯಾಗದಿಂದ ಏರಲಿಕ್ಕೆ ಹತ್ತೇದ ಅನ್ನೋದು. ಅಂಚಿಗೆ ಬರೋಕಿಂತ ಮೊದಲ ಕೈ ಗುಂಡಿಗೆ ಹೋಗಿರತದ. ಉಕ್ಕಿದ ಮ್ಯಾಲೆ ಆರಿಸಾಕಿ ಹೊಸಬಳು, ಉಕ್ಕೋಕಿಂತ ಮೊದಲ ಸಣ್ಣ ಮಾಡಾಕಿ ಪಳಗಿದಾಕಿ. ಮೂರೂ ಕೂಡಿಸಿ ಎಷ್ಟೆಷ್ಟು ತೂಕ ಕೊಡಬೇಕು ಅನ್ನೋದಕ್ಕ 1942ರಾಗ ಜೀಗ್ಲರ್, ನಿಕೊಲ್ಸ್ ಅನ್ನೋ ಇಬ್ಬರು ಒಂದು ಸುಲಭದ ಪದ್ಧತಿ ಕೊಟ್ರು. ಕಾರ್ಖಾನಿಗಳು ಅದನ್ನ ಹಿಡಕೊಂಡ್ವು.

ಹಿತ್ತಲದ ಒಲಿಗೆ ಅದು ಮುಟ್ಟಲಿಕ್ಕೆ ಮತ್ತೂ ಭಾಳ ವರ್ಷ ಹಿಡೀತು. ಆ ನಡುವ ಒಲಿಗಳ ರೂಪ ಬದಲಾತು. 1952ರಾಗ ಶಿಕಾಗೊ ಕಡೆ ಜಾರ್ಜ್ ಸ್ಟೀಫನ್ ಅನ್ನಾಂವ, ನೀರಾಗ ತೇಲೋ ಬೋಯಾ ಮಾಡೋ ಕಾರ್ಖಾನಿಯೊಳಗಿದ್ದಾವ, ಬೋಯಾದ ಗುಂಡನ್ನ ಅಡ್ಡ ಕೊಯ್ದು ಮುಚ್ಚಳ ಇರೋ ಒಲಿ ಮಾಡಿದ. ವೆಬರ್ ಒಲಿ ಅಂದ್ರ ಅದ. ಯುದ್ಧದ ನಂತರ ಜಪಾನಿನಿಂದ ಮಣ್ಣಿನ ‘ಕಮಾಡೊ’ ಬಂತು. ಆಮ್ಯಾಲೆ ಹುಚ್ಚು ಹಿಡದವರು 55 ಗ್ಯಾಲನ್‌ದ ಎಣ್ಣಿ ಡ್ರಮ್ಮಿಗೆ ತೂತು ಹೊಡದು ತಾವ ಒಲಿ ಮಾಡಿಕೊಂಡ್ರು. 1980ರ ದಶಕದಾಗ ಓರೆಗಾನ್‌ನ ಜೋ ಟ್ರೇಗರ್, ಕಟಗಿ ಪುಡಿ ಒತ್ತಿ ಮಾಡಿದ ಗುಳಗಿ ಯಂತ್ರದಿಂದ ಬೆಂಕಿಗೆ ಬೀಳೋ ಒಲಿ ತಂದ. ಇನ್ನ ಇದ್ದಲಿಯ ಒಲಿಗೆ ಸಣ್ಣ ಫ್ಯಾನ್ ಹಚ್ಚಿ, ಒಳಗಿನ ಶಾಖ ನೋಡಿ ಗಾಳಿ ಊದೋ ಪೆಟ್ಟಿಗಿ 2000ದ ದಶಕದ ಸುರುವಿನ್ಯಾಗ ಪ್ಯಾಟಿಗೆ ಬಂತು. ಪೆನ್ಸಿಲ್ವೇನಿಯಾದ ಬಿಬಿಕ್ಯೂ ಗುರು ಕಂಪನಿ ಅದರಾಗ ಮುಂದಿತ್ತು. ಅದರ ಬೆನ್ನಿಗೆ ‘ಹೀಟರ್‌ಮೀಟರ್’ ಅನ್ನೋದು ಬಂತು. ಯಾರು ಬೇಕಾದ್ರೂ ನಕ್ಷಾ ನೋಡಿ ಮನಿಯೊಳಗ ಜೋಡಿಸಿಕೋಬಹುದು, ಅದೂ ರಾಸ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರಿನ ಮ್ಯಾಲೆ.

ಟೆಕ್ಸಾಸ್‌ನಾಗ ಹಳೇ ಪದ್ಧತಿಯವರು ಕೆಲವರು ಇದು ಮೋಸ ಅಂತಾರ, ಬೆಂಕಿ ಕಾಯೋದ ವಿದ್ಯಾ ಅಂತಾರ. ಇರಬಹುದು. ಆದ್ರ ಹಂಗ ಅನ್ನೋರು ರಾತ್ರಿ ಎರಡಕ್ಕ ತಾವ ಏಳತಾರೋ ಅಥವಾ ಬ್ಯಾರೆ ಯಾರನ್ನರೆ ಎಬ್ಬಸತಾರೋ, ಅದನ್ನ ಮೊದಲು ಕೇಳಬೇಕು ನೋಡ್ರಿ.

ನನ್ನ ತಂಗಿ ಮಗಳು ಅಲ್ಲೆ ಇರತಾಳ. ಅಳಿಯ ಡ್ರಮ್ಮಿನ ಒಲಿ ಕಟ್ಯಾನ, ಯಾವ ಪೆಟ್ಟಿಗಿ ತಗೋಬೇಕು ಮಾವಶಿ ಅಂತ ಕೇಳಿದಳು. ನಿಮ್ಮ ಮಕ್ಕಳೂ ಆ ಕಡೆ ಇದ್ರ ಉಪಯೋಗ ಆದೀತು, ಅದಕ್ಕ ಆಕಿಗೆ ಹೇಳಿದ್ದನ್ನ ಬರೀತೀನಿ. ಪೆಟ್ಟಿಗಿಗಿಂತ ಮೊದಲು ಡ್ರಮ್ ನೋಡಬೇಕು. ಫ್ಯಾನ್ ಗಾಳಿ ಕೊಡಬಲ್ಲದು, ಕೊಟ್ಟ ಶಾಖ ವಾಪಸ್ ತಗೊಳ್ಳಲಿಕ್ಕೆ ಬರೂದಿಲ್ಲ. ಮುಚ್ಚಳದ ಸಂದಿಲೆ, ಬೋಲ್ಟಿನ ತೂತಿಲೆ ಗಾಳಿ ಸೋರತಿದ್ರ ಫ್ಯಾನ್ ಸುಮ್ಮನಿದ್ರೂ ಬೆಂಕಿ ಏರತದ, ಎಷ್ಟು ದುಡ್ಡಿನ ಯಂತ್ರ ತಂದ್ರೂ ದಂಡ. ಡ್ರಮ್ಮಿನ ಒಳಗ ಬಣ್ಣದ ಪದರ ಇರಬಾರದು, ಸತುವಿನ ಲೇಪದ ತಗಡು ಬೆಂಕಿ ಹತ್ರ ಬರಲೇಬಾರದು, ಅದರ ಹೊಗಿ ವಿಷ.

ಪೆಟ್ಟಿಗಿಯೊಳಗ ಬರೇ ‘ಹಚ್ಚು-ಆರಿಸು’ ಇದ್ದದ್ದು ಬ್ಯಾಡ, ಪಿಐಡಿ ಇರಲಿ. ಮುಚ್ಚಳ ತಗದಾಗ ಅದಕ್ಕ ತಿಳೀಬೇಕು. ಇಲ್ಲದಿದ್ರ ನೀವು ಮಸಾಲಿ ಸವರಲಿಕ್ಕೆ ಮುಚ್ಚಳ ತಗೀತೀರಿ, ಒಳಗ ತಣ್ಣಗಾತು ಅಂತ ಅದು ಜೋರಾಗಿ ಊದತದ, ಮುಚ್ಚಿದ ಮ್ಯಾಲೆ ಶಾಖ ಹದ ದಾಟತದ. ಒಮ್ಮೆ ದಾಟಿತಂದ್ರ ಇಳೀಲಿಕ್ಕೆ ತಾಸುಗಟ್ಟಲೆ ಬೇಕು. ಅದಕ್ಕ ಬೆಂಕಿ ಸಣ್ಣದಾಗಿ ಸುರು ಮಾಡಬೇಕು. ದೊಡ್ಡ ಬೆಂಕಿ ಹಾಕಿ ಆಮ್ಯಾಲೆ ಗಾಳಿ ಕಟ್ಟಿದ್ರ ದಟ್ಟ ಬಿಳಿ ಹೊಗಿ ಎದ್ದು ತಿನಿಸು ಕಹಿ ಆಗ್ತದ. ಶಾಖ ಅಳಿಯೋ ಕಡ್ಡಿ ಮಾಂಸದ ಹತ್ರ, ಜಾಳಗಿ ಮಟ್ಟಕ್ಕ ಇರಬೇಕು, ತಣ್ಣನ ಮಾಂಸಕ್ಕ ತಾಗಬಾರದು. ಮುಚ್ಚಳದ ಮ್ಯಾಲಿನ ಗಡಿಯಾರದಂಥಾ ಮುಳ್ಳು ಬ್ಯಾರೆ ಲೆಕ್ಕನ ಹೇಳತದ, ಅದನ್ನ ನಂಬಬ್ಯಾಡ್ರಿ. ಮಾಂಸದ ಒಳಗಿಗೂ ಒಂದು ಕಡ್ಡಿ ಇರಲಿ. 65–70 ಡಿಗ್ರಿ ಮುಟ್ಟಿದ ಮ್ಯಾಲೆ ಅದು ತಾಸುಗಟ್ಟಲೆ ನಿಂತಲ್ಲೆ ನಿಲ್ಲತದ. ಒಳಗಿನ ನೀರು ಆವಿ ಆಗಿ ತಂಪು ಮಾಡ್ತಿರತದ, ನಮ್ಮ ಮಣ್ಣಿನ ಗಡಗಿ ನೀರು ತಂಪಾಗಿ ಇಡೋ ಹಂಗ. ಯಂತ್ರ ಕೆಟ್ಟದ ಅಂತ ಗಾಬರಿಯಾಗಿ ಉರಿ ಏರಸಬಾರದು.

ಇದ್ದಲಿ ಬಿಟ್ಟು ಕರೆಂಟಿನ ಕಾಯಿಲ್ ಹಾಕಿ ಕಪಾಟಿನಂಥಾ ಒಲಿ ಮಾಡೋರು ಒಂದು ಮಾತು ಜಾಸ್ತಿ ಕೇಳಬೇಕು. ಅಲ್ಲೆ ಪಿಐಡಿ ಪೆಟ್ಟಿಗಿಯ ಮಾತು ಕೇಳಿ ಕರೆಂಟ್ ಬಿಡೋದು, ಹಿಡಿಯೋದು ಒಂದು ಬ್ಯಾರೆ ಸ್ವಿಚ್ಚು, ‘ಸಾಲಿಡ್ ಸ್ಟೇಟ್ ರಿಲೇ’ ಅಂತಾರ. ಅದು ಕೆಟ್ರ ಹೆಚ್ಚಾಗಿ ಹಚ್ಚಿದ ಸ್ಥಿತಿಯೊಳಗ ಕೆಡತದ. ಅಂದ್ರ ಪೆಟ್ಟಿಗಿ ಸಾಕು ಅಂದ್ರೂ ಕಾಯಿಲ್ ಉರೀತನ ಇರತದ. ಅದಕ್ಕ ಶಾಖ ಹೆಚ್ಚಾದ್ರ ತಾನ ಕರೆಂಟ್ ಕಡಿಯೋ ಇನ್ನೊಂದು ಉಪಕರಣ, ಪೆಟ್ಟಿಗಿಗೆ ಸಂಬಂಧ ಇಲ್ಲದ್ದು, ಇರಲೇಬೇಕು. ಎಷ್ಟ ಅಗ್ಗ ಆದ್ರೂ ಅದಿಲ್ಲದ ಸಾಮಾನು ಬ್ಯಾಡ.

ಇದ್ದಲಿಯ ಫ್ಯಾನಿನದ್ದು ಅದಕ್ಕ ಉಲ್ಟಾ. ಕರೆಂಟ್ ಹೋದ್ರ ಊದೋದು ನಿಲ್ಲತದ, ಬೆಂಕಿ ಗಾಳಿ ಇಲ್ಲದ ಮಂದ ಆಗಿ ಆರತದ. ಮನಿಗೆ ಅಪಾಯ ಇಲ್ಲ, ಊಟಕ್ಕ ಅದ. ಅರೆಬೆಂದ ಮಾಂಸ ಉಗುರುಬೆಚ್ಚಗ ತಾಸುಗಟ್ಟಲೆ ಕೂತ್ರ ತಿನ್ನಲಿಕ್ಕೆ ಯೋಗ್ಯ ಉಳಿಯೂದಿಲ್ಲ. ಹಂಗಾಗಿ ಶಾಖ ಇಳಿದ್ರೂ ಏರಿದ್ರೂ ಹಾಸಿಗಿ ಹತ್ರ ಗಂಟಿ ಹೊಡಿಯೋದನ್ನ ತಗೋರಿ. ಇನ್ನ ಮಳಿ ಬಂತು ಅಂತ ಇದ್ದಲಿ ಒಲಿ ಗ್ಯಾರೇಜಿನೊಳಗ ಎಳಕೊಂಡು ಬಾಗಲಾ ಹಾಕೋದು ಮಾತ್ರ ಬ್ಯಾಡ. ಮುಚ್ಚಿದ ಖೋಲಿಯೊಳಗ ಶೇಗಡಿ ಇಟ್ಟು ಮಲಗಿದವರು ಏಳದ ಹೋದ ಸುದ್ದಿ ನಾವೂ ಕೇಳಿದವರ. ಆ ಗಾಳಿಗೆ ವಾಸನಿ ಇಲ್ಲ, ಬಣ್ಣ ಇಲ್ಲ, ಮತ್ತ ಶಾಖ ಅಳಿಯೋ ಪೆಟ್ಟಿಗಿಗೆ ಅದು ಕಾಣೂದಿಲ್ಲ.