ಬೆಲೆಯೂ ನಾದವೂ

ಮನೆಯಲ್ಲಿ ಕುಳಿತು ಯಂತ್ರದ ಮೂಲಕ ಸಂಗೀತವನ್ನು ಕೇಳುವ ಪದ್ಧತಿ ಹುಟ್ಟಿದಂದಿನಿಂದಲೂ ಒಂದು ಪ್ರಶ್ನೆ ಅದರ ಬೆನ್ನು ಹತ್ತಿ ಬಂದಿದೆ. ಹೆಚ್ಚು ಹಣ ತೆತ್ತು ತಂದ ಪೆಟ್ಟಿಗೆ ಹೆಚ್ಚು ಚೆನ್ನಾಗಿ ಹಾಡುತ್ತದೆಯೆ? ಅಥವಾ ನಾವು ತೆತ್ತ ಹಣವೇ ನಮ್ಮ ಕಿವಿಯಲ್ಲಿ ಕುಳಿತು ಹಾಡುತ್ತದೆಯೆ? ಇದನ್ನು ಕೇವಲ ಅಂಗಡಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಅಲ್ಪ ವರಮಾನದ ರಸಿಕನೊಬ್ಬನು, ತನ್ನ ಸಾಧಾರಣ ಯಂತ್ರದಲ್ಲಿ ಕೇಳಿದ ಸಂಗೀತವು ನಿಜವಾದ ಸಂಗೀತವೇ ಅಲ್ಲವೆಂದು ನಂಬಿ ಕೊರಗಬೇಕೆ, ಬೇಡವೆ ಎಂಬ ಮಾತು ಇದರಲ್ಲಿ ಅಡಗಿದೆ. ತನ್ನ ಕಿವಿಯನ್ನು ತಾನು ನಂಬಬಹುದೆ ಎಂಬ ಇನ್ನೂ ಆಳವಾದ ಮಾತೂ ಅಡಗಿದೆ. ಅದೃಷ್ಟವಶಾತ್ ಚರಿತ್ರೆ ಇದಕ್ಕೆ ಒಂದು ಉತ್ತರವನ್ನು ಹೇಳಬಲ್ಲುದು. ಏಕೆಂದರೆ ನೂರು ವರ್ಷಕ್ಕೂ ಹಿಂದಿನಿಂದ ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಸಭೆಯ ಮುಂದೆ ಪರೀಕ್ಷೆಗೆ ಒಡ್ಡುತ್ತ ಬಂದಿದ್ದಾರೆ.

ತಾಮಸ್ ಆಲ್ವ ಎಡಿಸನ್ ಧ್ವನಿಯನ್ನು ಹಿಡಿದು ಮರಳಿ ನುಡಿಸುವ ಯಂತ್ರವನ್ನು ನಿರ್ಮಿಸಿದುದು 1877ರಲ್ಲಿ. ಮುಂದೆ ಆತನ ಕಂಪೆನಿಯವರು ವಜ್ರದ ಮುಳ್ಳಿನಿಂದ ನುಡಿಯುವ ತಟ್ಟೆಗಳನ್ನು ಮಾರುಕಟ್ಟೆಗೆ ತಂದರು. ಅವನ್ನು ನುಡಿಸುವ ಯಂತ್ರಗಳಲ್ಲಿ ಪ್ರಸಿದ್ಧವಾದ ಒಂದು ಮಾದರಿಯ ಬೆಲೆ 250 ಡಾಲರು. 1916ರಲ್ಲಿ ಫೋರ್ಡ್ ಕಂಪೆನಿಯ ಹೊಸ ಮೋಟಾರು ಗಾಡಿಯೇ 400 ಡಾಲರಿಗೆ ಒಳಗೆ ದೊರೆಯುತ್ತಿತ್ತೆಂಬುದನ್ನು ನೆನೆದರೆ, ಈ ಪೆಟ್ಟಿಗೆ ಎಷ್ಟು ದುಬಾರಿಯೆಂಬುದು ತಿಳಿದೀತು. ಜನರಿಂದ ಇಷ್ಟು ಹಣವನ್ನು ಬಿಚ್ಚಿಸಬೇಕಾದರೆ ಅವರಲ್ಲಿ ನಂಬಿಕೆಯನ್ನು ಹುಟ್ಟಿಸಬೇಕಷ್ಟೆ. ಅದಕ್ಕಾಗಿ 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಊರೂರುಗಳಲ್ಲಿ ‘ನಾದಪರೀಕ್ಷೆ’ ಎಂಬ ಸಭೆಗಳನ್ನು ನಡೆಸಿದರು. ಗಾಯಕಿ ಯಂತ್ರದ ಪಕ್ಕದಲ್ಲಿ ನಿಂತು ತನ್ನದೇ ಮುದ್ರಿಕೆಯೊಡನೆ ಹಾಡುವಳು, ನಡುನಡುವೆ ಸುಮ್ಮನಾಗುವಳು, ಕೆಲವು ವೇಳೆ ದೀಪಗಳನ್ನು ಆರಿಸಿ ಸಭಾಂಗಣವನ್ನು ಕತ್ತಲೆ ಮಾಡುವರು. ಮತ್ತೆ ಬೆಳಕು ಬಂದಾಗ ವೇದಿಕೆಯ ಮೇಲೆ ಯಂತ್ರವೊಂದೇ ನಿಂತಿರುವುದು! ಗಾಯಕಿ ಯಾವಾಗ ಹೊರಟುಹೋದಳೆಂಬುದು ಯಾರಿಗೂ ತಿಳಿದಿರುತ್ತಿರಲಿಲ್ಲ. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮರೀ ರಪ್ಪೋಲ್ಡ್ ಎಂಬ ಗಾಯಕಿ ಹೀಗೆಯೇ ಹಾಡಿದಳು.

ಈ ಸಭಿಕರು ಮೂಢರಾಗಿದ್ದರೆ? ಹಾಗೆ ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಆ ಕಾಲದ ಮುದ್ರಣದಲ್ಲಿ ಗಾಯಕರು ಒಂದು ಕೊಳವೆಯೊಳಕ್ಕೆ ಹಾಡುತ್ತಿದ್ದರು. ಅವರ ಉಸಿರಿನ ಶಕ್ತಿಯೊಂದೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕಾಗಿತ್ತು. ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳು ಅದರಲ್ಲಿ ಉಳಿಯುತ್ತಲೇ ಇರಲಿಲ್ಲ. ಹಾಗಿದ್ದೂ ಸಭೆ ಒಪ್ಪಿದುದಕ್ಕೆ ಕಾರಣವನ್ನು ಆ ಸಭೆಗಳಲ್ಲಿ ಹಾಡಿದ ಆನಾ ಕೇಸ್ ಎಂಬ ಗಾಯಕಿ ತನ್ನ ವೃದ್ಧಾಪ್ಯದಲ್ಲಿ ತಿಳಿಸಿದಳು. ತಾನು ಗಟ್ಟಿಯಾಗಿ ಹಾಡಿದ್ದರೆ ಯಂತ್ರವನ್ನು ಮೀರಿಬಿಡುತ್ತಿದ್ದುದರಿಂದ, ತನ್ನ ಕಂಠವನ್ನೇ ಯಂತ್ರದ ಗುಣಕ್ಕೆ ಹೊಂದಿಸಿಕೊಂಡು ಹಾಡುತ್ತಿದ್ದುದಾಗಿ ಆಕೆ ಹೇಳಿದಳು. ಎಂದರೆ, ಯಂತ್ರವು ಮನುಷ್ಯನಂತೆ ಹಾಡಲಿಲ್ಲ. ಮನುಷ್ಯನೇ ಯಂತ್ರದಂತೆ ಹಾಡಿದನು. ಸಭಿಕರಾದರೋ ವ್ಯತ್ಯಾಸವನ್ನು ಹುಡುಕಲು ಬಂದವರಲ್ಲ, ಹೋಲಿಕೆಯನ್ನು ಕಂಡು ಬೆರಗಾಗಲು ಬಂದವರು. ಕತ್ತಲೆ ಅಲ್ಲಿತ್ತು ನಿಜ. ಆದರೆ ಆ ಕತ್ತಲೆಯನ್ನು ಮಾಡಿದವನು ಮಾರುವವನು.

1925ರಲ್ಲಿ ಈ ಕಥೆಗೆ ದೊಡ್ಡ ತಿರುವು ಬಂದಿತು. ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯವರು ರೂಪಿಸಿದ ವಿದ್ಯುನ್ಮುದ್ರಣ ಬಳಕೆಗೆ ಬಂದು, ಕೊಳವೆಯ ಸ್ಥಾನದಲ್ಲಿ ಮೈಕ್ರೊಫೋನು ನಿಂತಿತು. ಹಿಂದೆ ಕೇಳದಿದ್ದ ತಗ್ಗಿನ ಸ್ವರಗಳೂ, ಹಿಂದೆ ಮಸುಕಾಗಿದ್ದ ವ್ಯಂಜನಗಳೂ ಕೇಳತೊಡಗಿದುವು. ನಿನ್ನೆಯವರೆಗೆ ‘ಜೀವಂತ ಕಂಠ’ವೆಂದು ಹೊಗಳಿಸಿಕೊಂಡ ಯಂತ್ರಗಳು ಒಂದೆರಡು ವರ್ಷಗಳಲ್ಲಿ ಹಳೆಯ ಸಾಮಾನುಗಳಾದುವು; ಎಡಿಸನ್ ಕಂಪೆನಿ 1929ರಲ್ಲಿ ತಟ್ಟೆಗಳ ವ್ಯಾಪಾರವನ್ನೇ ನಿಲ್ಲಿಸಿತು. ಇಲ್ಲಿ ಆದ ಸುಧಾರಣೆ ಭ್ರಮೆಯಲ್ಲ. ಅಂದು ಹೊಸ ಯಂತ್ರಕ್ಕೆ ಹಣ ಕೊಟ್ಟವನು ನಾದವನ್ನೇ ಕೊಂಡನು.

ಆದರೆ ಮನುಷ್ಯನಿಗೆ ನಿಜವಾಗಿಯೂ ಪೂರ್ಣನಾದ ಬೇಕೆ ಎಂಬ ಸಂಶಯ ಬೇಗನೆ ತಲೆಯೆತ್ತಿತು. 1945ರಲ್ಲಿ ಚಿನ್ ಮತ್ತು ಐಸೆನ್‌ಬರ್ಗ್ ಎಂಬವರು ಅಮೆರಿಕದ ರೇಡಿಯೋ ಶ್ರೋತೃಗಳ ಅಭಿರುಚಿಯನ್ನು ಪರೀಕ್ಷಿಸಿದರು. ವಿಸ್ತಾರವಾದ ಸ್ವರವ್ಯಾಪ್ತಿಗಿಂತ ಕಿರಿದಾದುದನ್ನೇ ಬಹುಮಂದಿ ಮೆಚ್ಚಿದರು. ಹಾಗಾದರೆ ಉತ್ತಮ ಯಂತ್ರಕ್ಕೆ ಪಟ್ಟ ಶ್ರಮವೆಲ್ಲ ವ್ಯರ್ಥವೆ? ಆರ್‌.ಸಿ.ಎ. ಸಂಸ್ಥೆಯ ಹ್ಯಾರಿ ಓಲ್ಸನ್ 1947ರಲ್ಲಿ ಇದಕ್ಕೆ ಸೊಗಸಾದ ಉತ್ತರವನ್ನು ಕಂಡುಹಿಡಿದನು. ಆತನು ಯಂತ್ರವನ್ನೇ ತೆಗೆದುಹಾಕಿದನು! ಒಂದು ಸಣ್ಣ ವಾದ್ಯಮೇಳವನ್ನು ತೆರೆಯ ಹಿಂದೆ ಕೂರಿಸಿ, ನಡುವೆ ತೆರೆದು ಮುಚ್ಚಬಹುದಾದ ಶೋಧಕಗಳನ್ನು ಇಟ್ಟು, ಒಮ್ಮೆ ಪೂರ್ಣನಾದವನ್ನೂ ಒಮ್ಮೆ ಎತ್ತರದ ಸ್ವರಗಳನ್ನು ಕಳೆದ ನಾದವನ್ನೂ ಕೇಳಿಸಿದನು. ಈಗ ಹೆಚ್ಚು ಮಂದಿ ಪೂರ್ಣನಾದವನ್ನೇ ಆರಿಸಿದರು. ಹಿಂದಿನ ಶ್ರೋತೃಗಳು ತಳ್ಳಿದ್ದು ಸಂಗೀತದ ಎತ್ತರದ ಸ್ವರಗಳನ್ನಲ್ಲ, ಆ ಸ್ವರಗಳೊಡನೆ ಯಂತ್ರವು ಬೆರೆಸುತ್ತಿದ್ದ ಕರ್ಕಶವನ್ನು ಎಂಬುದು ಇದರಿಂದ ಊಹಿಸಬಹುದಾದ ಅರ್ಥ. ಸಾಮಾನ್ಯನ ಕಿವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಓಲ್ಸನ್ನನ ತೆರೆಗೂ ಎಡಿಸನ್ನನ ಕತ್ತಲೆಗೂ ಇರುವ ಅಂತರವನ್ನು ಗಮನಿಸಬೇಕು. ಒಂದು ಮೆಚ್ಚುಗೆಯನ್ನು ಗಳಿಸಲು, ಇನ್ನೊಂದು ಸತ್ಯವನ್ನು ತಿಳಿಯಲು. ಇಲ್ಲಿಂದ ಮುಂದೆ ಈ ವಿಷಯವು ಭೌತಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಮನಶ್ಶಾಸ್ತ್ರಕ್ಕೂ ಅಷ್ಟೇ ಸೇರಿದ್ದಾಯಿತು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನೆನೆದರೆ, ಈ ನಂಟು ನಮಗೆ ತೀರ ಅಪರಿಚಿತವೇನೂ ಅಲ್ಲ.

ಮುಂದಿನ ದಶಕಗಳಲ್ಲಿ ಯಂತ್ರಗಳು ಸುಧಾರಿಸಿದಂತೆ ಬೆಲೆಗಳೂ ಬೆಟ್ಟ ಹತ್ತಿದುವು. 1987ರಲ್ಲಿ ಸ್ಟೀರಿಯೊ ರಿವ್ಯೂ ಎಂಬ ಅಮೆರಿಕದ ಪತ್ರಿಕೆ, 220 ಡಾಲರಿನಿಂದ 12,000 ಡಾಲರಿನವರೆಗಿನ ವರ್ಧಕ ಯಂತ್ರಗಳನ್ನು ಶ್ರೋತೃಗಳಿಗೆ ಹೆಸರು ಹೇಳದೆ ಕೇಳಿಸಿತು. ಇಂಥ ಪರೀಕ್ಷೆಯಲ್ಲಿ ಎರಡು ಯಂತ್ರಗಳ ಗಟ್ಟಿತನವನ್ನು ಕರಾರುವಾಕ್ಕಾಗಿ ಸಮಮಾಡುವುದು ಅತ್ಯವಶ್ಯ. ಕೂದಲೆಳೆಯಷ್ಟು ಗಟ್ಟಿಯಾದುದೂ ನಮ್ಮ ಕಿವಿಗೆ ‘ಉತ್ತಮ’ವೆಂದು ತೋರುತ್ತದೆ. ವ್ಯತ್ಯಾಸವಿದೆಯೆಂದು ಶಪಥ ಮಾಡುವವರೂ ಇಲ್ಲವೆನ್ನುವವರೂ ಅಲ್ಲಿ ಕುಳಿತಿದ್ದರು. ಒಟ್ಟು ಫಲಿತಾಂಶವು ನಾಣ್ಯವನ್ನು ಚಿಮ್ಮಿ ಊಹಿಸಿದುದಕ್ಕಿಂತ ಮೇಲಾಗಲಿಲ್ಲ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಸಾಧಾರಣ ಸಿ.ಡಿ.ಯ ಮಟ್ಟದ ನಾದವನ್ನೂ ಅದಕ್ಕಿಂತ ಸೂಕ್ಷ್ಮವೆನ್ನುವ ಮುದ್ರಣವನ್ನೂ ಹೋಲಿಸಿದಾಗ, 554 ಸಲಗಳಲ್ಲಿ 276 ಸಲ ಮಾತ್ರ ಸರಿಯಾದ ಉತ್ತರ ಬಂದಿತು. ಎಂದರೆ ಅರ್ಧಕ್ಕೂ ಒಂದು ಕಡಮೆ. 2016ರಲ್ಲಿ ಅನೇಕರ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52ರಷ್ಟು ಸರಿ ಕಂಡಿತೆಂಬುದನ್ನೂ ಹೇಳಬೇಕು. ವ್ಯತ್ಯಾಸವು ಸೊನ್ನೆಯಲ್ಲದಿರಬಹುದು, ಆದರೆ ಬೆಲೆಯ ಬೆಟ್ಟಕ್ಕೆ ಅದು ಸಾಸಿವೆ.

ಎಲ್ಲಕ್ಕಿಂತ ಬೋಧಪ್ರದವಾದುದು 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಪ್ರಕಟಿಸಿದ ಪರೀಕ್ಷೆ. ಹಾರ್ಮನ್ ಸಂಸ್ಥೆಯ ನೌಕರರೇ ಆದ 40 ಮಂದಿ, ನಾಲ್ಕು ಬಗೆಯ ಧ್ವನಿವರ್ಧಕಗಳನ್ನು ಮೊದಲು ತೆರೆಯ ಮರೆಯಲ್ಲಿಯೂ ಅನಂತರ ಕಣ್ಣೆದುರಿನಲ್ಲಿಯೂ ಕೇಳಿ ಅಂಕ ಕೊಟ್ಟರು. ತೆರೆಯಿದ್ದಾಗ ದೊಡ್ಡವುಗಳಿಗೆ ಸಮವಾಗಿ ನಿಂತಿದ್ದ ಒಂದು ಸಣ್ಣ, ಅಗ್ಗದ ಜೋಡಿ, ತೆರೆ ಸರಿದೊಡನೆ ಅಂಕಗಳಲ್ಲಿ ಕುಸಿಯಿತು. ನಾದ ಬದಲಾಗಲಿಲ್ಲ, ನೋಟ ಬದಲಾಯಿತು. ಅವರು ಸುಳ್ಳು ಹೇಳಲಿಲ್ಲ, ಹಾಗೆಯೇ ಕೇಳಿದರು. ಕಿವಿ ತಾನೊಂದೇ ಕೇಳುವುದಿಲ್ಲ. ಕಣ್ಣು, ನೆನಪು, ಅಭಿಮಾನ ಎಲ್ಲವೂ ಕೂಡಿ ಕೇಳುತ್ತವೆ.

ಹೀಗಿರಲಾಗಿ ನಮ್ಮ ಪ್ರಶ್ನೆಗೆ ‘ಹೌದು’ ಎಂದಾಗಲಿ ‘ಅಲ್ಲ’ ಎಂದಾಗಲಿ ಒಂದೇ ಮಾತಿನ ಉತ್ತರ ಸಲ್ಲದು. ಧ್ವನಿವರ್ಧಕಗಳಲ್ಲಿ ಒಳ್ಳೆಯವೂ ಕೆಟ್ಟವೂ ಉಂಟು. ತೆರೆಯ ಮರೆಯಲ್ಲಿ ಕೇಳುವವರು ಒಳ್ಳೆಯದು ಯಾವುದೆಂಬ ವಿಷಯದಲ್ಲಿ ಬಹುಮಟ್ಟಿಗೆ ಒಮ್ಮತವುಳ್ಳವರೆಂದು ಟೂಲ್ ಕೆನಡದಲ್ಲಿ ನಡೆಸಿದ ಪರೀಕ್ಷೆಗಳೇ ತೋರಿಸಿವೆ. ಅವನ್ನು ಇಡುವ ಕೋಣೆಯೂ, ಮೂಲದ ಮುದ್ರಣವೂ ನಾದವನ್ನು ಬಹಳ ಮಾರ್ಪಡಿಸುತ್ತವೆ. ಆದರೆ ಒಂದು ಮಟ್ಟವನ್ನು ದಾಟಿದ ಮೇಲೆ ಬೆಲೆ ಏರುತ್ತ ಹೋಗುತ್ತದೆ, ನಾದ ನಿಂತಲ್ಲೇ ನಿಲ್ಲುತ್ತದೆ. ಅಲ್ಲಿಂದಾಚೆಗೆ ಕೊಳ್ಳುವುದು ಮರಗೆಲಸವನ್ನು, ಅಂದವನ್ನು, ಒಡೆತನದ ಸುಖವನ್ನು. ಅವನ್ನು ಕೊಳ್ಳುವುದು ತಪ್ಪಲ್ಲ. ಅವನ್ನು ಸಂಗೀತವೆಂದು ಕರೆದು, ಕೊಳ್ಳಲಾರದವನ ಕಿವಿಯನ್ನು ಹೀಗಳೆಯುವುದು ತಪ್ಪು. ಎಡಿಸನ್ನನ ತಟ್ಟೆಯಲ್ಲಿ ಅರ್ಧ ಸ್ವರಗಳೇ ಇಲ್ಲದಿದ್ದರೂ ಅದನ್ನು ಕೇಳಿ ಕಣ್ಣೊರೆಸಿಕೊಂಡವನ ಅನುಭವ ಸುಳ್ಳಾಗಿರಲಿಲ್ಲ. ಇಂದು ಅಗ್ಗದ ಯಂತ್ರದ ಮುಂದೆ ತಲೆದೂಗುವವನ ಅನುಭವವೂ ಸುಳ್ಳಲ್ಲ. ಕೊಳ್ಳುವ ಮುನ್ನ ಮಾತ್ರ ಒಮ್ಮೆ ತೆರೆ ಹಾಕಿಸಿ ಕೇಳಿರಿ. ಆ ತೆರೆಯನ್ನು ಎಳೆಯುವ ಹಗ್ಗ ಮಾರುವವನ ಕೈಯಲ್ಲಿರದೆ ನಿಮ್ಮ ಕೈಯಲ್ಲಿರಲಿ.