ಕಾರಿನ ಹೊಳಪೂ ಬ್ರೆಜಿಲಿನ ಮರವೂ

ಮೋಟಾರು ಕಾರು ಬಂದ ಹೊಸದರಲ್ಲಿ ಅದಕ್ಕೆ ಬಣ್ಣ ಬಳಿಯುತ್ತಿದ್ದುದು ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಹಾಗೆಯೇ. ಎಣ್ಣೆ ಬೆರೆತ ಬಣ್ಣ, ಅದರ ಮೇಲೆ ವಾರ್ನಿಷು, ಎಲ್ಲವೂ ಬ್ರಷ್ಷಿನ ಕೆಲಸ. ಒಂದು ಪದರ ಒಣಗಿದ ಮೇಲೆ ಉಜ್ಜಿ ಇನ್ನೊಂದು ಪದರ. ಒಂದು ಕಾರಿನ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು.

ಈ ನಿಧಾನಕ್ಕೆ ಪರಿಹಾರ ಬಂದುದು ಸಿಡಿಮದ್ದು ತಯಾರಿಸುತ್ತಿದ್ದ ಅಮೆರಿಕದ ಡ್ಯೂಪಾಂಟ್ ಕಂಪೆನಿಯಿಂದ! ಹತ್ತಿಯ ನಾರಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟಾಗ ಸಿಗುವ ನೈಟ್ರೊಸೆಲ್ಯುಲೋಸ್ ಸಿಡಿಮದ್ದಿಗೂ ಹಳೆಯ ಸಿನಿಮಾ ರೀಲಿಗೂ ಮೂಲವಸ್ತು. ಅದನ್ನೇ ದ್ರಾವಕದಲ್ಲಿ ಕರಗಿಸಿ 'ಡ್ಯೂಕೊ' ಎಂಬ ಬಣ್ಣ ಮಾಡಲಾಯಿತು. 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರನ್ನು ಡ್ಯೂಕೊ ನೀಲಿಯಲ್ಲಿ ಹೊರತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಬಡಗಿಗಳ ಬಾಯಲ್ಲಿ ಇಂದಿಗೂ ಉಳಿದಿರುವ 'ಡ್ಯೂಕೊ ಪೇಂಟ್' ಇದೇ ಹೆಸರು.

ಆದರೆ ಈ ಬಣ್ಣ ಬಿಸಿಲಿಗೆ ಬಾಳುತ್ತಿರಲಿಲ್ಲ. ಕೆಲವು ತಿಂಗಳಲ್ಲೇ ಮೇಲ್ಪದರ ಮಂಕಾಗಿ, ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತಿತ್ತು. ಆ ಸತ್ತ ಪದರವನ್ನು ನುಣುಪು ಪೇಸ್ಟಿನಿಂದ ಉಜ್ಜಿ ತೆಗೆದು, ಉಳಿದುದಕ್ಕೆ ಮೇಣ ಹಚ್ಚಬೇಕಿತ್ತು. ಭಾನುವಾರ ಮನೆಯ ಮುಂದೆ ಕಾರು ಉಜ್ಜುತ್ತ ನಿಲ್ಲುವ ಅಮೆರಿಕನ್ ಗೃಹಸ್ಥನ ಚಿತ್ರದ ಹಿಂದೆ ಪ್ರೀತಿ ಎಷ್ಟಿತ್ತೋ, ಬಣ್ಣದ ಈ ದೌರ್ಬಲ್ಯವೂ ಅಷ್ಟೇ ಇತ್ತು. ಅತಿಯಾಗಿ ಉಜ್ಜಿದವರ ಕಾರಿನ ಅಂಚುಗಳಲ್ಲಿ ಬಣ್ಣ ಸವೆದು ಪ್ರೈಮರ್ ಇಣುಕುತ್ತಿತ್ತು.

ಮೇಣಗಳಲ್ಲಿ ಶ್ರೇಷ್ಠವೆನಿಸಿದ್ದು ಈಶಾನ್ಯ ಬ್ರೆಜಿಲಿನ ಕಾರ್ನೌಬಾ. ಇದು ತಾಳೆಯ ಜಾತಿಯ ಮರ. ಬರದ ನಾಡಿನಲ್ಲಿ ನೀರು ಆವಿಯಾಗದಂತೆ ತನ್ನ ಗರಿಗಳಿಗೆ ತಾನೇ ಮೇಣ ಹೊದಿಸಿಕೊಳ್ಳುತ್ತದೆ. ಗರಿ ಕೊಯ್ದು, ಒಣಗಿಸಿ, ಬಡಿದು ಪುಡಿ ಉದುರಿಸಿ ಕರಗಿಸಿದರೆ ಮೇಣ ಸಿದ್ಧ. 80 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕರಗದಷ್ಟು ಗಟ್ಟಿ. ಅದಕ್ಕೇ ಜೇನುಮೇಣ, ಎಣ್ಣೆ, ದ್ರಾವಕಗಳನ್ನು ಬೆರೆಸಿ ಹಚ್ಚುವಷ್ಟು ಮೃದುವಾಗಿಸುತ್ತಾರೆ. ಈ ಮರವನ್ನು ಹುಡುಕಿ 1935ರಲ್ಲಿ ಮೇಣದ ವ್ಯಾಪಾರಿ ಎಚ್. ಎಫ್. ಜಾನ್ಸನ್ ಅಮೆರಿಕದ ವಿಸ್ಕಾನ್ಸಿನ್‌ನಿಂದ ಬ್ರೆಜಿಲಿಗೆ ಪುಟ್ಟ ಸಿಕೋರ್ಸ್ಕಿ ವಿಮಾನದಲ್ಲೇ ಹಾರಿದರು. ಅವರ ಮಗ 1998ರಲ್ಲಿ ಅಂಥದೇ ವಿಮಾನ ಕಟ್ಟಿಸಿ ಅದೇ ಯಾತ್ರೆ ಮಾಡಿದರು. ಗರಿ ಕೊಯ್ಯುವವರ ಸುದ್ದಿ ಮಾತ್ರ ಇಷ್ಟು ರಮ್ಯವಲ್ಲ. ಅವರಲ್ಲಿ ಕೆಲವರನ್ನು ಜೀತದಂಥ ದುಡಿಮೆಯಲ್ಲಿಟ್ಟಿರುವುದನ್ನು 2017ರಲ್ಲಿ ಜರ್ಮನಿಯ ಟಿವಿ ವರದಿಯೊಂದು ಬಯಲಿಗೆಳೆಯಿತು.

1980ರ ದಶಕದಿಂದೀಚೆಗೆ ಬಣ್ಣದ ಮೇಲೆ ಪಾರದರ್ಶಕ ಪದರವೊಂದು ಸಾಮಾನ್ಯವಾಯಿತು. ಬಣ್ಣ ಪುಡಿಯಾಗುವ ಕಾಟ ಬಹುಮಟ್ಟಿಗೆ ತಪ್ಪಿತು. ಆದರೆ ಕೂದಲೆಳೆಯಷ್ಟೂ ದಪ್ಪವಿಲ್ಲದ ಈ ಪದರಕ್ಕೆ ಧೂಳೇ ಶತ್ರು. ನಮ್ಮ ಬೀದಿಗಳಲ್ಲಿ ಬೆಳಗಾಗೆದ್ದು ಒಣಬಟ್ಟೆಯಿಂದ ಕಾರಿನ ಧೂಳೊರೆಸುವಾಗ ಮರಳಿನ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಬಿಸಿಲಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಹುಟ್ಟುವುದು ಹೀಗೆ. ಮೊದಲು ಧಾರಾಳ ನೀರು, ಆಮೇಲೆ ಸೋಪಿನ ನೊರೆ, ಮೇಣ ಹಚ್ಚುವುದೇನಿದ್ದರೂ ನೆರಳಿನಲ್ಲಿ, ತಣ್ಣಗಿನ ಲೋಹದ ಮೇಲೆ.